ವಾಶಿ ಲೋಕಲ್‌ನಲ್ಲಿ ಉಕ್ಕಿದ ಹಿಟ್ಟು

ಅಂದು ಬೆಳಿಗ್ಗೆ ನಲ್ಲಿ ನಿಲ್ಲುವ ಮೊದಲು ನೀರು ತುಂಬಿಸಿದೆ. ಹಾಲು ಕಾಯಿಸಿದೆ. ಹಿಂದಿನ ದಿನದ ಬಟ್ಟೆ ಮಡಚಿಟ್ಟೆ. ಕಿಟಕಿಯ ಗ್ರಿಲ್ಲಿನಲ್ಲಿದ್ದ ಕರಿಬೇವಿನ ಕುಂಡಕ್ಕೆ ಅಕ್ಕಿ ತೊಳೆದ ನೀರು ಹಾಕಿದೆ. ಮಗಳಿಗೆ ಅವಲಕ್ಕಿ ಒಗ್ಗರಣೆ ಮಾಡಿ ಮುಚ್ಚಿಟ್ಟೆ. ಆಮೇಲೆ ರಾತ್ರಿಯಿಡೀ ಉಬ್ಬಿದ್ದ ದೋಸೆ ಹಿಟ್ಟನ್ನು ಸೌಟಿನಿಂದ ತಿರುವಿ ಕೆಳಗಿಳಿಸಿ, ಎರಡು ಸ್ಟೀಲ್ ಕ್ಯಾನುಗಳಿಗೆ ಕಂಠದವರೆಗೆ ತುಂಬಿಸಿದೆ. ಮುಚ್ಚಳ ಒತ್ತಿ, ಮೇಲೆ ಬಟ್ಟೆ ಕಟ್ಟಿದೆ. ಮೂರು ವರ್ಷದ ಹಿಂದಿನ ಮೇ ತಿಂಗಳ ಒಂದು ಬುಧವಾರ ಅದು.

"ಮಮ್ಮಿ, ಇತ್ನಾ ಭರ್ ದಿಯಾ?" ಎಂದು, ಇಷ್ಟೊಂದು ತುಂಬಿಸಿದೆಯಾ ಎಂದು, ಕೇಳಿದಳು ಮಗಳು ಪ್ರಾಪ್ತಿ, ಹಾಸಿಗೆಯಿಂದಲೇ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ.

"ಕಡಿಮೆ ಕಾಣಬಾರದು ಮಾರಾಯ್ತಿ. ನೀನು ಮಲಗು," ಎಂದೆ.

ಆ ಹಿಟ್ಟಿನ ಹಿಂದೆ ಒಂದು ಮಾತಿತ್ತು, ಅದನ್ನು ಮೊದಲು ಹೇಳಬೇಕು. ಅದಕ್ಕೂ ಹಿಂದಿನ ವರ್ಷ ನನ್ನ ಮದುವೆ ಕಾಗದದ ಮೇಲೆ ಮುಗಿದಿತ್ತು. ಯಾಕೆ, ಏನು ಎಂದು ಇಲ್ಲಿ ಬರೆಯುವುದಿಲ್ಲ. ಅವರೂ ಇದನ್ನು ಓದಬಹುದು. ಠಾಣೆಯ ಮಾಜಿವಾಡಾದಲ್ಲಿ ಲಿಫ್ಟು, ಗಾರ್ಡನ್ನು ಇದ್ದ ದೊಡ್ಡ ಸೊಸೈಟಿಯಿಂದ ಡೊಂಬಿವಲಿ ಈಸ್ಟಿನ ಹಳೆಯ ಕಟ್ಟಡದ ಒಂದು ಕೋಣೆ, ಒಂದು ಅಡುಗೆಮನೆಗೆ ನಾವಿಬ್ಬರು ಬಂದೆವು. ನನ್ನ ಬಳೆಗಳು ಗ್ರೈಂಡರ್ ಆದವು. ಆ ಕಟ್ಟಡದಲ್ಲೇ ನಾಲ್ಕೈದು ಮನೆಯವರು ಹಿಟ್ಟು ಒಯ್ಯತೊಡಗಿದರು. ಆದರೆ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. "ಏನಾದರೂ ಕೊಡಿ, ನಿಮಗೆ ತೋಚಿದಷ್ಟು" ಎನ್ನುತ್ತಿದ್ದೆ. ಹದಿನೇಳು ವರ್ಷ ಪಕ್ಕದ ಮನೆಗೆ ಬಟ್ಟಲಲ್ಲಿ ಕೊಟ್ಟು ರೂಢಿಯಾದ ಕೈ. ಅದೇ ಬಟ್ಟಲಿಗೆ ದರ ಹೇಳುವುದು ನನಗೆ ಬೈದ ಹಾಗೆ ಅನಿಸುತ್ತಿತ್ತು.

ಕರಾವಳಿಯ ನಮ್ಮ ಊರಿನಲ್ಲಿದ್ದ ನನ್ನ ಅಣ್ಣ ಫೋನಿನಲ್ಲಿ ನಗುತ್ತಿದ್ದ. "ನೀನು ವ್ಯಾಪಾರ ಮಾಡಿದ ಹಾಗೇ! ಜೂನಿಗೆ ಶಾಲೆ ಶುರುವಾಗ್ತದೆ. ಪ್ರಾಪ್ತಿ ಹತ್ತನೇ ಕ್ಲಾಸು ಇಲ್ಲೇ ಓದಲಿ. ಮನೆಯಲ್ಲಿ ಜಾಗ ಉಂಟಲ್ಲ? ಭಾನುವಾರ ಬರ್ತೇನೆ, ಸಾಮಾನು ಕಟ್ಟಿ ಇಡು."

ಅವನು ಒಳ್ಳೆಯವನು. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು. ಆದರೆ ಪ್ರಾಪ್ತಿ ಗೋಡೆಗೆ ಮುಖಮಾಡಿ "ಮೀ ನಾಹೀ ಯೇಣಾರ್" ಎಂದು, ತಾನು ಬರುವುದಿಲ್ಲವೆಂದು, ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನನಗೂ ಹೋಗುವ ಮನಸ್ಸಿರಲಿಲ್ಲ. ಅಣ್ಣನ ಮನೆಯಲ್ಲಿ ನಮಗೆ ಜಾಗ ಇದ್ದೀತು. ನನ್ನ ಗ್ರೈಂಡರಿಗೆ ಇರಲಾರದು. ಕೊನೆಗೆ ಅವನಿಗೆ ಹೇಳಿದೆ: "ಭಾನುವಾರದೊಳಗೆ ಒಂದು ಖಾಯಂ ಆರ್ಡರ್ ಸಿಕ್ಕಿದರೆ ನಾವು ಇಲ್ಲೇ ಇರುತ್ತೇವೆ. ಸಿಗದಿದ್ದರೆ ನಿನ್ನ ಮಾತು."

ಕೋಪರಖೈರಣೆಯಲ್ಲಿ ಶೇಖರಣ್ಣ ಎಂಬ ನಮ್ಮ ಕಡೆಯವರ ಸಣ್ಣ ಹೊಟೇಲಿತ್ತು. ಮದುವೆ, ಭೂತದ ನೇಮ ಎಂದು ಮೇ ತಿಂಗಳು ಬಂದರೆ ಇಲ್ಲಿನ ನಮ್ಮವರ ಹೊಟೇಲುಗಳ ಅರ್ಧ ಅಡುಗೆಮನೆ ಊರಿನಲ್ಲೇ ಇರುತ್ತದೆ. ಅವರ ಹಿಟ್ಟು ರುಬ್ಬುವವನೂ ಹೋಗಿದ್ದ. ಪರಿಚಯದವರೊಬ್ಬರು ನನ್ನ ಹೆಸರು ಹೇಳಿದ್ದರು. "ಬುಧವಾರ ಹತ್ತು ಕಿಲೋ ತನ್ನಿ, ಹತ್ತೂವರೆಗೆ ಬೇಕು. ನೋಡುವ. ರೇಟು ಆಮೇಲೆ ಮಾತಾಡುವ," ಎಂದಿದ್ದರು ಶೇಖರಣ್ಣ. ಎರಡೂ ಸೇರಿ ಹತ್ತು ಕಿಲೋ ಹಾಕಬೇಕಾದ ಆ ಕ್ಯಾನುಗಳಿಗೆ ನಾನು ಹನ್ನೆರಡು ತುಂಬಿಸಿದ್ದೆ. ಉಬ್ಬುವ ಹಿಟ್ಟಿಗೆ ಜಾಗ ಬಿಡಬೇಕು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಧಾರಾಳ ಕಂಡರೆ ಆರ್ಡರ್ ಸಿಕ್ಕೀತು ಎಂಬ ಆಸೆ.

ಡೊಂಬಿವಲಿಯಿಂದ ಠಾಣೆಯವರೆಗೆ ಹೇಗೋ ಬಂದೆ. ಅಲ್ಲಿ ಸೇತುವೆ ಹತ್ತಿ ಇಳಿದು ವಾಶಿ ಲೋಕಲ್‌ನ ಲೇಡೀಸ್ ಡಬ್ಬಿ, ಹೆಂಗಸರ ಬೋಗಿ, ಹತ್ತಿದೆ. ಕ್ಯಾನುಗಳನ್ನು ಕಾಲ ಮಧ್ಯೆ ಇಟ್ಟುಕೊಂಡು ತಲೆ ಎತ್ತಿದರೆ, ಎರಡು ಕೈಯಳತೆಯ ದೂರದಲ್ಲಿ ಕವಿತಾ! ಮೈಸೂರಿನವಳು. ಮಾಜಿವಾಡಾದಲ್ಲಿ ನಮ್ಮ ಮೇಲಿನ ಮಹಡಿಯ ಮನೆ ಅವಳದು. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಸೊಸೈಟಿಯ ಕನ್ನಡದ ಹೆಂಗಸರಿಗೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇತ್ತು, ಅದನ್ನು ನಡೆಸುವವಳೂ ಅವಳೇ. ಮನೆ ಬಿಟ್ಟ ದಿನ ಯಾರಿಗೂ ಹೇಳದೆ ಆ ಗ್ರೂಪಿನಿಂದ ಹೊರಗೆ ಬಂದಿದ್ದೆ. ನಾನು ತಟ್ಟನೆ ಬಾಗಿಲ ಕಡೆ ತಿರುಗಿ, ದುಪಟ್ಟಾ ತಲೆಗೆ ಎಳೆದುಕೊಂಡೆ. ಐರೋಲಿ ಮುಂದಿನ ದೊಡ್ಡ ಸ್ಟೇಷನ್ನು. ಅವಳು ಇಳಿದುಬಿಟ್ಟರೆ ಸಾಕಿತ್ತು.

ರೈಲು ಐರೋಲಿಗೆ ಮೊದಲೇ ನಿಂತಿತು. ಸಿಗ್ನಲ್ಲೋ ಮತ್ತೇನೋ, ಕದಲಲೇ ಇಲ್ಲ. ತಗಡಿನ ಮೇಲೆ ಮೇ ತಿಂಗಳ ಬಿಸಿಲು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಳಿ ವಾಸನೆ ಎದ್ದಿತು. ಯಾರದೋ ಟಿಫಿನ್ ಕೆಟ್ಟಿದೆ ಎಂದು ಯಾರೋ ಗೊಣಗಿದರು. ನಾನು ಬಗ್ಗಿ ನೋಡಿದರೆ ಒಂದು ಕ್ಯಾನಿಗೆ ಕಟ್ಟಿದ್ದ ಬಟ್ಟೆ ಡೋಲಿನ ಹಾಗೆ ಬಿಗಿದಿತ್ತು. ಗಾಬರಿಯಲ್ಲಿ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಒತ್ತಿದಷ್ಟೂ ಅಂಚಿನಿಂದ ಹಿಟ್ಟು ಬೆರಳುಗಳ ಸಂದಿಯಲ್ಲಿ ಬಂತು. ಆಮೇಲೆ 'ಟಪ್' ಎಂಬ ಸದ್ದು. ಮುಚ್ಚಳ ಬಟ್ಟೆಯನ್ನೂ ಕಿತ್ತುಕೊಂಡು ಹಾರಿತು. ಬಿಳಿ ಹಿಟ್ಟು ಆರಾಮವಾಗಿ ಹರಿಯುತ್ತಾ ಹೋಗಿ ಒಂದು ಜೊತೆ ಕಪ್ಪು ಶೂಗಳ ಮೇಲೆ ನಿಂತಿತು. ಶೂಗಳು ಕವಿತಾಳವು.

"ಅಯ್ಯೋ! ಏನ್ರೀ ಇದು?" ಎಂದವಳು ನನ್ನ ಮುಖ ನೋಡಿದಳು. "ವಾರಿಜಾ? ನೀವಾ?"

ಡಬ್ಬಿಯೆಲ್ಲ ನಮ್ಮ ಕಡೆ ತಿರುಗಿತ್ತು. ಇಳಿದು ಓಡಲು ಸ್ಟೇಷನ್ನೂ ಇರಲಿಲ್ಲ. ಆ ಕ್ಷಣ ಎಲ್ಲಿಂದ ಧೈರ್ಯ ಬಂತೋ, ತಲೆಯ ದುಪಟ್ಟಾ ತೆಗೆದೆ. "ಹೌದು ಕವಿತಾ, ನಾನೇ. ದೋಸೆ ಹಿಟ್ಟು ಮಾಡಿ ಮಾರುತ್ತೇನೆ. ಈಗ ನನ್ನ ಕೆಲಸ ಇದು."

ಅವಳು ಏನೋ ಹೇಳುವಷ್ಟರಲ್ಲಿ, ಕಿಟಕಿ ಪಕ್ಕ ಕೂತಿದ್ದ ಮಲ್ಲಿಗೆ ಮುಡಿದ ಮರಾಠಿ ಮಾವಶಿಯೊಬ್ಬರು, ಚಿಕ್ಕಮ್ಮನ ವಯಸ್ಸಿನವರು, ಎದ್ದು ಬಂದರು. ಘಣಸೋಲಿಗೆ ಹೋಗುವವರು. "ಅಗಂ, ದಾಬೂ ನಕೋ!" ಎಂದು ನನ್ನ ಕೈಗೆ ಒಂದು ಏಟು ಕೊಟ್ಟರು. ಇನ್ನೊಂದು ಕ್ಯಾನೂ ಉಬ್ಬತೊಡಗಿದ್ದು ಕಂಡು ನಾನು ಅದನ್ನೂ ಒತ್ತಿ ಹಿಡಿದಿದ್ದೆ. ಒತ್ತಬೇಡ, ಬಿಚ್ಚು, ಸ್ವಲ್ಪ ಹೊರಗೆ ತೆಗೆ ಎಂದು ಅವರೇ ಬಟ್ಟೆ ಬಿಚ್ಚಿದರು. ಹೊರಗೆ ತೆಗೆದು ಹಾಕುವುದು ಯಾವ ಪಾತ್ರೆಗೆ? ಮಾವಶಿ ತಮ್ಮ ಚೀಲದಿಂದ ಖಾಲಿ ಡಬ್ಬಿಯೊಂದನ್ನು ತೆಗೆದರು. ಇನ್ನೊಬ್ಬಳು ನೀರಿನ ಬಾಟಲಿ ಖಾಲಿ ಮಾಡಿದಳು. ಮತ್ತೊಬ್ಬಳು ಎರಡು ಪ್ಲಾಸ್ಟಿಕ್ ಚೀಲ ಒಂದರೊಳಗೊಂದು ಹಾಕಿ ಹಿಡಿದಳು. ಕಿವಿಯಲ್ಲಿ ಇಯರ್‌ಫೋನಿದ್ದ ಹುಡುಗಿ ಒಂದನ್ನು ತೆಗೆದು, "ಆಂಟಿ, ಚಟ್ನಿ ಪಣ್ ಆಹೇ ಕಾ?" ಎಂದು ಚಟ್ನಿಯೂ ಇದೆಯೇ ಎಂದು ಕೇಳಿದಳು. ಡಬ್ಬಿಯೆಲ್ಲ ನಗು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಕಿತೀ ಝಾಲೇ?" ಎಂದು ಮಾವಶಿ ಡಬ್ಬಿಯ ಮುಚ್ಚಳ ಹಾಕುತ್ತಾ ಬೆಲೆ ಕೇಳಿದರು.

"ಬೇಡ ಮಾವಶಿ, ನನ್ನಿಂದ ನಿಮಗೆಲ್ಲ ತೊಂದರೆ. ಹಾಗೇ ಇಟ್ಟುಕೊಳ್ಳಿ," ಎಂದೆ ನನ್ನ ಹರಕು ಮರಾಠಿಯಲ್ಲಿ.

ಅವರ ಮುಖ ಗಂಭೀರವಾಯಿತು. "ಫುಕಟ್ ದಿಲಂಸ್ ತರ್ ಉದ್ಯಾ ಕೋಣ್ ಘೇಣಾರ್?" ಇವತ್ತು ಪುಕ್ಕಟೆ ಕೊಟ್ಟರೆ ನಾಳೆ ಯಾರು ಕೊಳ್ಳುತ್ತಾರೆ ಎಂದು ಅವರು ಕೇಳಿದ್ದು. "ಭಾವ್ ಸಾಂಗ್." ದರ ಹೇಳು.

ನಾನು ಕವಿತಾಳ ಕಡೆ ನೋಡಿದೆ. ಸತ್ಯನಾರಾಯಣ ಪೂಜೆಗೆ ನಮ್ಮ ಮನೆಗೆ ಬಂದವಳು. ನನ್ನ ಬಟ್ಟಲು ಎಷ್ಟೋ ಸಲ ಅವಳ ಮನೆಗೆ ಹೋಗಿ ಬಂದಿತ್ತು. ಅವಳೆದುರು ಹೇಳಲು ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ ಎಂದುಕೊಂಡೆ.

"ಎಂಬತ್ತು ರೂಪಾಯಿ ಕಿಲೋ," ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಬಂತು ದನಿ.

ಯಾರೂ ಹುಬ್ಬೇರಿಸಲಿಲ್ಲ. ಮಾವಶಿ ಡಬ್ಬಿಯನ್ನು ಕೈಯಲ್ಲಿ ತೂಗಿ, ಅಂದಾಜು ಮಾಡಿ ದುಡ್ಡು ಕೊಟ್ಟರು. ಉಳಿದವರೂ ಕೊಟ್ಟರು. ಕವಿತಾ ಶೂ ಒರೆಸಿಕೊಳ್ಳುವುದನ್ನು ಬಿಟ್ಟು ಬ್ಯಾಗಿನಿಂದ ಒಂದು ಬಾಕ್ಸು ತೆಗೆದಳು. ಅದರಲ್ಲಿ ಕಲ್ಲಂಗಡಿ ಹೋಳುಗಳಿದ್ದವು. "ತಗೊಳ್ಳಿ, ಎಲ್ರೂ ತಗೊಳ್ಳಿ," ಎಂದು ಸುತ್ತಲೂ ಹಂಚಿ, ಖಾಲಿ ಬಾಕ್ಸನ್ನು ನನ್ನೆದುರು ಹಿಡಿದಳು.

"ನಂಗೂ ತುಂಬಿಸ್ರೀ. ಆಮೇಲೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಗ್ರೂಪಿಂದ ಎಕ್ಸಿಟ್ ಆಗಿಬಿಟ್ರಲ್ಲ, ನಾವೇನು ಅಂದ್ವಿ, ಯಾರು ಏನಂದ್ರು ಅಂತ ಒಂದು ವಾರ ನಮ್ಮಲ್ಲಿ ಅದೇ ಜಗಳ. ನಾನೇ ಏನೋ ಅಂದಿರ್ಬೇಕು ಅಂತ ನಂಗೆ ನಿದ್ದೆ ಇಲ್ಲ."

"ನೀವು ಎಂತದೂ ಅಂದಿಲ್ಲ ಕವಿತಾ. ಕೇಳಿದರೆ ಏನು ಹೇಳುವುದು ಅಂತ ಗೊತ್ತಿರಲಿಲ್ಲ, ಅದಕ್ಕೆ."

"ಈಗ ಹೇಳಿದ್ರಲ್ಲ, ಇಡೀ ಡಬ್ಬಿಗೆ ಕೇಳೋ ಹಾಗೆ," ಎಂದಳು. ರೈಲು ಜಗ್ಗಿ ಹೊರಟಿತು. ಐರೋಲಿಯಲ್ಲಿ ಇಳಿಯುವಾಗ ಕೂಗಿದಳು: "ನಮ್ಮ ಬಿಲ್ಡಿಂಗಲ್ಲಿ ಪ್ಯಾಕೆಟ್ ಹಿಟ್ಟು ತಿಂದು ತಿಂದು ಸಾಕಾಗಿದೆ ಕಣ್ರೀ. ನಂಬರ್ ಅದೇ ತಾನೆ?"

ಅದೇ ಎಂದು ತಲೆಯಾಡಿಸಿದೆ.

ಶೇಖರಣ್ಣನ ಹೊಟೇಲು ಮುಟ್ಟುವಾಗ ಹೇಳಿದ ಹೊತ್ತು ದಾಟಿ ಬಹಳವಾಗಿತ್ತು. ಅವರು ಕ್ಯಾನು ಬಗ್ಗಿಸಿ ನೋಡಿದರು. "ಹತ್ತು ಹೇಳಿದ್ದೆ. ಇದು ಏಳೂ ಇಲ್ಲ."

"ಉಕ್ಕಿತು ಅಣ್ಣ. ತಪ್ಪು ನನ್ನದೇ, ಜಾಗ ಬಿಡಲಿಲ್ಲ."

"ಹೋಗ್ಲಿ ಬಿಡಿ. ಪಾಪ, ಒಬ್ಬಳೇ ಹೆಂಗಸು, ಮಗಳು ಬೇರೆ. ಒಂದು ಸಹಾಯ ಆಗ್ಲಿ ಅಂತ ಹೇಳಿದ್ದು. ಇಟ್ಟು ಹೋಗಿ, ಏನಾದ್ರೂ ಕೊಡುವ."

ಹಿಂದಿನ ದಿನವಾದರೆ ನಾನು ಕೈಮುಗಿದು ಇಟ್ಟು ಬರುತ್ತಿದ್ದೆ. 'ಏನಾದರೂ' ನನ್ನದೇ ಮಾತು. ಅಂದು ಅದನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಬೆನ್ನು ನೆಟ್ಟಗಾಯಿತು. "ಸಹಾಯ ಬೇಡ ಅಣ್ಣ. ಕಾವಲಿಗೆ ಹೊಯ್ದು ನೋಡಿ. ಒಳ್ಳೆಯದಾದರೆ ರೇಟು ಕೊಡಿ. ಆಗದಿದ್ದರೆ ನನ್ನ ಕ್ಯಾನು ನನಗೆ ಕೊಡಿ."

ಅವರು ನನ್ನನ್ನೊಮ್ಮೆ ನೋಡಿ, ಒಳಗೆ ಹೇಳಿದರು. ದೋಸೆ ಬಂತು. ಅಂಚು ತಾನಾಗಿ ಎದ್ದಿತ್ತು, ಮಧ್ಯೆ ಜೇನುಗೂಡಿನ ಹಾಗೆ ಕಣ್ಣುಗಳು. ಚಟ್ನಿಯೂ ಇಲ್ಲದೆ ನಿಂತುಕೊಂಡೇ ಪೂರ್ತಿ ತಿಂದರು.

"ಎಷ್ಟು ಹೇಳ್ತೀರಿ?"

ಹೇಳಿದೆ.

"ಜಾಸ್ತಿ ಆಯ್ತು. ಅರವತ್ತು ಮಾಡಿ."

"ಅರವತ್ತಕ್ಕೆ ಉದ್ದು ಕಡಿಮೆ ಹಾಕಬೇಕಾಗ್ತದೆ. ಅದು ನನಗೆ ಬರುವುದಿಲ್ಲ."

ಶೇಖರಣ್ಣ ನಕ್ಕುಬಿಟ್ಟರು. "ಬಾಯಿ ಉಂಟಲ್ಲ ನಿಮಗೆ!"

"ಇವತ್ತು ಬೆಳಿಗ್ಗೆಯಿಂದ ಉಂಟು," ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ.

ಹೊಟೇಲಿನವರಿಗೆ ಎಂದು ಐದು ರೂಪಾಯಿ ಇಳಿಸಿದೆ, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನಾಳೆಯಿಂದಲೇ ತನ್ನಿ, ಆದರೆ ರುಬ್ಬುವ ಹುಡುಗ ಊರಿನಿಂದ ಬರುವವರೆಗೆ ಮಾತ್ರ ಎಂದರು. ಖಾಯಂ ಅಲ್ಲ. ಆದರೂ ಹೊಟೇಲಿನ ಮೆಟ್ಟಿಲು ಇಳಿಯುತ್ತಲೇ ಅಣ್ಣನಿಗೆ ಫೋನು ಮಾಡಿದೆ. "ನಮ್ಮನ್ನು ಕರೆದುಕೊಂಡು ಹೋಗಲು ಬರಬೇಡ. ದೋಸೆ ತಿನ್ನಲು ಬಾ."

"ಆರ್ಡರ್ ಸಿಕ್ಕಿತಾ? ಖಾಯಂ?"

"ಖಾಯಂ ಅಂತ ಸಿಕ್ಕಿದ್ದು ದರ ಹೇಳುವ ಬಾಯಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

"ಊರಿಂದ ಉದ್ದು ತರ್ಲಾ? ಅಲ್ಲಿಯದ್ದು ಸಮ ಉಬ್ಬುದಿಲ್ಲ," ಎಂದ.

ಜೂನಿನಲ್ಲಿ ಹೊಟೇಲಿನ ಹುಡುಗ ಬಂದ, ಆ ಆರ್ಡರ್ ನಿಂತಿತು. ಅಷ್ಟರಲ್ಲಿ ಕವಿತಾಳ ಬಿಲ್ಡಿಂಗಿನ ಮನೆಗಳಿದ್ದವು, ವಾಶಿ ಲೋಕಲ್‌ನ ಹೆಂಗಸರಿದ್ದರು. ಪ್ರಾಪ್ತಿ ತನ್ನದೇ ಶಾಲೆಯಲ್ಲಿ ಹತ್ತನೆಯದು ಮುಗಿಸಿದಳು. ಈಗ ನನ್ನ ಜೊತೆ ಇನ್ನೊಬ್ಬಾಕೆ ಕೆಲಸಕ್ಕೆ ಬರುತ್ತಾರೆ, ಅವರೂ ಮಗನನ್ನು ಒಬ್ಬರೇ ಬೆಳೆಸುತ್ತಿರುವವರು. ಮೊದಲ ದಿನವೇ ಅವರಿಗೆ ಹೇಳಿಕೊಟ್ಟದ್ದು ಎರಡು: ಪಾತ್ರೆಯಲ್ಲಿ ಜಾಗ ಬಿಡಬೇಕು, ದರ ಕೇಳಿದರೆ ತಲೆ ಎತ್ತಿ ಹೇಳಬೇಕು. ಮಲ್ಲಿಗೆ ಮುಡಿದ ಆ ಮಾವಶಿ ಮಾತ್ರ ಮತ್ತೆ ಸಿಗಲಿಲ್ಲ. ಆ ರೈಲು ಹತ್ತಿದಾಗಲೆಲ್ಲ ಮೊದಲು ಕಿಟಕಿ ಪಕ್ಕದ ಸೀಟು ನೋಡುತ್ತೇನೆ.

ಆ ಬುಧವಾರ ಮನೆಗೆ ಬಂದವಳೇ ಮರುದಿನಕ್ಕೆ ಅಕ್ಕಿ, ಉದ್ದು ನೆನೆಹಾಕಿದೆ. ಕ್ಯಾನಿನ ತಳದಲ್ಲಿ ಉಳಿದಿದ್ದ ಹುಳಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಹೆಚ್ಚಿ ಹಾಕಿ ದಪ್ಪ ಉತ್ತಪ್ಪ ಮಾಡಿದೆ. ರೈಲಿನ ಕಥೆ ಕೇಳುತ್ತಾ ಪ್ರಾಪ್ತಿ ಮೂರು ತಿಂದಳು. "ಬೋಲಾ ಥಾ ನ?" ಎಂದು, ನಾನು ಹೇಳಿರಲಿಲ್ಲವಾ ಎಂದು, ಮೂರು ಸಲ ಅಂದಳು. ನಾನು ಎರಡು ತಿಂದೆ, ಬೆಲ್ಲದ ಜೊತೆ. ಆಮೇಲೆ ಉದ್ದನ್ನು ಗ್ರೈಂಡರಿಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಳ್ಳೋಣವೆಂದು ಅದರ ಪಕ್ಕದಲ್ಲೇ ಚಾಪೆ ಹಾಕಿದೆ. ಆ ಮನೆಗೆ ಬಂದಂದಿನಿಂದ ಮಗಳ ಉಸಿರು ನಿಧಾನವಾದ ಮೇಲೆಯೇ ನಾನು ಕಣ್ಣು ಮುಚ್ಚುತ್ತಿದ್ದದ್ದು. ಬೆಳಿಗ್ಗೆ ಎದ್ದು ನೋಡಿದರೆ ಗ್ರೈಂಡರ್ ತೊಳೆದಿಟ್ಟಿತ್ತು. ಅಕ್ಕಿಯೂ ರುಬ್ಬಿ, ಉಪ್ಪು ಬೆರೆಸಿ, ಹಿಟ್ಟು ಪಾತ್ರೆಯಲ್ಲಿತ್ತು. ಮೇಲೆ ಉಬ್ಬಲು ಧಾರಾಳ ಜಾಗ ಬಿಟ್ಟಿದ್ದಳು ಪ್ರಾಪ್ತಿ. ಆ ರಾತ್ರಿ ಮೊದಲು ನಿದ್ದೆ ಹೋದವಳು ನಾನು.