ಬಾಯಲ್ಲಿ ಮರಿ ಇಟ್ಟುಕೊಂಡ ಮೀನು

ಆಗ ನನಗೆ ನಲವತ್ತೆರಡು. ಇದು ನಡೆದು ಇಪ್ಪತ್ತು ವರ್ಷ ಆಗುತ್ತ ಬಂತು. ಹೊಸಪೇಟೆ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ನನ್ನ ಗಂಡ, ಅವನ ತಾಯಿ, ಇಷ್ಟೇ ಜನ. ಮಗಳನ್ನು ಕಂಪ್ಲಿಗೆ ಕೊಟ್ಟಾಗಿತ್ತು. ಗಂಡ ಹರಿಗೋಲಿನಲ್ಲಿ ಹೋಗಿ ಬಲೆ ಹಾಕುತ್ತಿದ್ದ, ನಾನು ಬುಟ್ಟಿ ಹೊತ್ತು ಚಿತ್ತವಾಡ್ಗಿಯ ಓಣಿಗಳಲ್ಲಿ ಮೀನು ಮಾರುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ನನಗೆ ಗೊತ್ತಿದ್ದ ಕೆಲಸ ಅದೊಂದೇ. ನಾಜೂಕಿನ ಕೆಲಸ ಅಲ್ಲ, ಮೈಯೆಲ್ಲ ನಾರುತ್ತದೆ. ಆದರೆ ಏಳು ಎಂದು ಎಬ್ಬಿಸುವವರು, ಕೂಡು ಎಂದು ಕೂಡಿಸುವವರು ಯಾರೂ ಇರಲಿಲ್ಲ. ನನ್ನ ಬುಟ್ಟಿ, ನನ್ನ ಬಾಯಿ, ನನ್ನ ದಾರಿ. ಆ ವರ್ಷ ಅದು ಉಳಿಯುತ್ತದೋ ಹೋಗುತ್ತದೋ ಎನ್ನುವ ಹಾಗಾಯಿತು.

ಸಂಡೂರಿನ ಗುಡ್ಡಗಳಲ್ಲಿ ಅದಿರಿಗೆ ಬೆಲೆ ಬಂದಿತ್ತು. ಲಾರಿಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಬುಟ್ಟಿಯ ಮೇಲೆ ಹಸಿ ಗೋಣಿ ಹೊದಿಸಿದ್ದರೂ ಚಿತ್ತವಾಡ್ಗಿ ಮುಟ್ಟುವಷ್ಟರಲ್ಲಿ ಮೀನು ಅದಿರಿನ ಧೂಳಿಗೆ ಕೆಂಪಗಾಗುತ್ತಿತ್ತು. ನಮ್ಮ ದಂಡೆಯ ಗಂಡಸರು ಒಬ್ಬೊಬ್ಬರೇ ಬಲೆ ಸುತ್ತಿಟ್ಟು ಅದಿರು ಒಡೆದು ಲಾರಿಗೆ ತುಂಬುವ ಯಾರ್ಡಿಗೆ ಹೊರಟಿದ್ದರು. ಅವರನ್ನು ದುಡ್ಡು ಎಳೆಯಿತು ಎಂದು ಪೇಟೆಯವರು ಹೇಳುತ್ತಿದ್ದರು. ದುಡ್ಡು ಎಳೆದದ್ದು ನಿಜ. ಆದರೆ ನೀರೂ ಅವರನ್ನು ಹೊರಗೆ ದಬ್ಬಿತು. ಅದನ್ನು ಯಾರೂ ಹೇಳುವುದಿಲ್ಲ.

ಇದನ್ನು ಹೇಳಬೇಕಾದರೆ ನಮ್ಮ ಅತ್ತೆಯ ಪದ್ಧತಿಯಿಂದ ಶುರು ಮಾಡಬೇಕು. ಮುಂಗಾರಿನ ಹೊಸ ನೀರು ಹಳ್ಳದಿಂದ ಇಳಿದು ಹಿನ್ನೀರಿಗೆ ಸೇರುವಾಗ ಬಾಳೆ ಮೀನು ಎದುರು ಹತ್ತುತ್ತದೆ, ತತ್ತಿ ಇಡಲು. ಆ ಹೊತ್ತಿಗೆ ಬಲೆಗೆ ಬಿದ್ದ ಮೊದಲನೆಯ ತತ್ತಿ ತುಂಬಿದ ಮೀನನ್ನು ನಮ್ಮಲ್ಲಿ ಕೊಯ್ಯುವುದಿಲ್ಲ. ಮನೆಗೆ ಬಂದ ಬಸುರಿಗೆ ಉಡಿ ತುಂಬುವ ಹಾಗೆ ಅದಕ್ಕೂ ತುಂಬುತ್ತಾರೆ. ತಲೆಗೆ ಅರಿಷಿಣ ಕುಂಕುಮ ಹಚ್ಚಿ, ಒಂದು ಹಿಡಿ ಅಕ್ಕಿ ನೀರಿಗೆ ಬಿಟ್ಟು, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಹರಿವಿಗೆ ಮುಖ ಮಾಡಿ ಬಿಡುವುದು. ದಂಡೆಯ ಎಲ್ಲ ಮನೆಯವರೂ ತಮ್ಮ ಮೊದಲ ಮೀನನ್ನು ಅತ್ತೆಯ ಹತ್ತಿರ ತರುತ್ತಿದ್ದರು. ಆಕೆಯ ಕೈಗುಣ ಚಲೋ ಎಂದು ಹೆಸರಿತ್ತು. ಆ ಹೆಸರೇ ಆಕೆಯ ಬಂಗಾರ. ಕಿವಿಯಲ್ಲಿ ಬೇರೆ ಬಂಗಾರ ಇರಲಿಲ್ಲ.

ಜಿಲೇಬಿ ಮೀನು ಬಂದದ್ದು ಅದಕ್ಕೆ ಕೆಲವು ವರ್ಷ ಮೊದಲು. ಯಾವ ಕೆರೆ ಒಡೆದು ಬಂತೋ, ಯಾರು ತಂದು ಬಿಟ್ಟರೋ. ಅಗಲ ಮೈ, ಬೆನ್ನ ಮೇಲೆ ಮುಳ್ಳಿನ ಸಾಲು. ಒಂದು ದಿನ ಗಂಡ ಒಂದನ್ನು ಹಿಡಿದುಕೊಂಡು ಓಡಿ ಬಂದ.

"ಯವ್ವಾ, ಇದರ ಬಾಯಾಗ ಏನೋ ಅದಾವ, ನೋಡು."

ಅತ್ತೆ ಅದರ ಬಾಯಿ ಬಿಡಿಸಿದಳು. ಸೊಳ್ಳೆಯಷ್ಟು ಮರಿಗಳು ಸುರಿದು ಆಕೆಯ ಅಂಗೈಯ ನೀರಿನಲ್ಲಿ ಈಜಾಡಿದವು.

"ಅಯ್ಯ ಶಿವನ! ಮಕ್ಕಳಲ್ಲೋ ಇವು! ಬಾಳೆ ಮೀನ ತತ್ತಿ ಹಾಕಿ ತನ್ನ ದಾರಿ ಹಿಡೀತೈತಿ. ಇದು ನೋಡು, ಬಾಯಾಗ ಇಟ್ಕಂಡು ತಿರಗತೈತಿ. ತಾಯಿ ಅಂದ್ರ ಇದು."

"ಹಂಗಾರ ಉಣ್ಣೂದು ಯಾವಾಗ, ಅತ್ತಿ?" ಎಂದೆ ನಾನು.

"ಉಪಾಸ ಇರತೈತಿ. ನಿನ್ನಂಗ ಮೂರ್ಹೊತ್ತು ರೊಟ್ಟಿ ಬಡೀತೈತಿ ಅನ್ಕಂಡಿಯೇನು?"

ಅಂದಿನಿಂದ ಆಕೆ ಒಂದು ಕಟ್ಟಳೆ ಹಾಕಿದಳು. ಬಾಯಲ್ಲಿ ಮರಿ ಇರುವ ಜಿಲೇಬಿಯನ್ನು ಯಾರೂ ಕೊಯ್ಯಬಾರದು, ತಿರುಗಿ ಬಿಡಬೇಕು. ಬಾಳೆ ಮೀನಿನದು ವರ್ಷಕ್ಕೊಮ್ಮೆ. ಈ ಮೀನಿಗೆ ಕಾಲ ಎಂಬುದಿಲ್ಲ, ಯಾವಾಗ ನೋಡಿದರೂ ಬಾಯಿ ತುಂಬ ಮಕ್ಕಳು. ನಾವು ಬಿಟ್ಟದ್ದೇ ಬಿಟ್ಟದ್ದು. ಇಡೀ ದಂಡೆ ಬಿಟ್ಟಿತು. ಒಬ್ಬರೂ ಎದುರು ಮಾತಾಡಲಿಲ್ಲ.

ಮೀನುಗಾರಿಕೆ ಇಲಾಖೆಯವನೊಬ್ಬ ಬೈಕಿನಲ್ಲಿ ಬಂದು ಹೇಳಿದ್ದ. "ಇದು ನಮ್ಮ ಹೊಳೀದಲ್ಲಮ್ಮ, ಹೊರಗಿನ ಮೀನು. ಸಿಕ್ಕದ್ದನ್ನ ವಾಪಸ್ ಬಿಡಬ್ಯಾಡ್ರಿ. ಉಳಿದ ಮೀನಿನ ತತ್ತಿ ತಿಂತಾವು, ಜಾಗಾನೂ ತಗಂತಾವು."

ಅತ್ತೆ ಸೊಂಟದ ಮೇಲೆ ಕೈ ಇಟ್ಟಳು. "ನಿಮ್ಮ ಮನಿ ಬಾಗಲಕ ಬಸುರಿ ಹೆಂಗ್ಸು ಬಂದು ನಿಂತ್ರ ಹೊರಗಿನಾಕಿ ಅಂತ ಬಾಗಲ ಹಾಕ್ತೀರೇನ್ರಿ?"

ಅವನು ನಕ್ಕು ಬೈಕ್ ಹತ್ತಿದ. ನಾವು ಆ ಮಾತು ನೆನೆಸಿಕೊಂಡು ಬಹಳ ದಿನ ನಕ್ಕೆವು. ಅವನು ಹೇಳಿದ್ದೇ ಸರಿ ಇತ್ತು.

ನಾನು ಹೇಳುತ್ತಿರುವ ಆ ವರ್ಷದ ಬೇಸಿಗೆಯಲ್ಲಿ ನೀರು ಬಹಳ ಹಿಂದೆ ಹೋಯಿತು. ಹೂಳು ತುಂಬಿ ತುಂಬಿ ನಮ್ಮ ಕಡೆ ಆಳವೇ ಉಳಿದಿರಲಿಲ್ಲ. ಮೊದಲು ನೀರಿಗೆ ಇಳಿದರೆ ಮೇಲೆ ಬೆಚ್ಚಗಿದ್ದರೂ ಮೊಣಕಾಲಿನ ಕೆಳಗೆ ತಣ್ಣಗೆ ತಾಗುತ್ತಿತ್ತು. ಕಾಟ್ಲಾ ಮೀನು ಮಧ್ಯಾಹ್ನ ಆ ತಂಪಿನಲ್ಲಿ ಇರುತ್ತಿತ್ತು. ಆ ವರ್ಷ ಎದೆಮಟ್ಟ ಹೋದರೂ ತಂಪು ಸಿಗಲಿಲ್ಲ, ಸ್ನಾನಕ್ಕೆ ಕಾಯಿಸಿಟ್ಟ ಹಾಗೆ. ಕಾಟ್ಲಾ ಮೇಲೆ ಬಂದು ಬಾಯಿ ಬಿಟ್ಟು ಗಾಳಿ ಕುಡಿಯುತ್ತಿದ್ದವು. ಆಮೇಲೆ ಹೊಟ್ಟೆ ಮೇಲಾಗಿ ತೇಲಿದವು. ದಂಡೆಯ ಉದ್ದಕ್ಕೂ ನಾತ. ನಾಯಿಗಳೂ ತಿಂದು ಬೇಸತ್ತವು. ಜಿಲೇಬಿಗೆ ಮಾತ್ರ ಏನೂ ಆಗಲಿಲ್ಲ. ಆ ಬಿಸಿಯೇ ಅದಕ್ಕೆ ಹಿತ ಎಂದು ಕಾಣುತ್ತದೆ.

ನೀರು ಸರಿದ ಕಡೆ ನೆಲ ನೋಡಿದರೆ ಪರಾತದ ಅಗಲದ ಗುಂಡಿಗಳು. ಒಂದಕ್ಕೊಂದು ತಾಗಿಕೊಂಡು, ಕಣ್ಣು ಹಾಯುವಷ್ಟು ದೂರ. ಜಿಲೇಬಿ ಬಾಯಿಂದ ತೋಡಿದ ಗೂಡುಗಳು. ಪಕ್ಕದ ಮನೆಯವನು, ಅತ್ತೆಗೆ ದೊಡ್ಡವ್ವ ಎನ್ನುತ್ತಿದ್ದವನು, ಅಲ್ಲಿ ನಿಂತು ಕೂಗಿದ.

"ದೊಡ್ಡವ್ವಾ, ನಿನ್ನ ಮೊಮ್ಮಕ್ಕಳು ಎಷ್ಟು ಮನಿ ಕಟ್ಯಾರ, ಬಂದು ನೋಡು! ನಮಗ ಕಾಲಿಡಾಕ ಜಾಗ ಇಟ್ಟಿಲ್ಲ."

ಅತ್ತೆ ನಗಲಿಲ್ಲ. "ನಿನ್ನ ಬಾಯಿಗೆ ಹುಳ ಬೀಳ್ಲಿ," ಎಂದಳು.

ಬಲೆಯಲ್ಲಿ ಬೆರಳುದ್ದದ ಜಿಲೇಬಿ ಬಿಟ್ಟರೆ ಬೇರೆ ಬೀಳುತ್ತಿರಲಿಲ್ಲ. ಗಿಜಿಗಿಜಿ ಎನ್ನುವಷ್ಟಾದ ಮೇಲೆ ಅವೂ ದೊಡ್ಡವಾಗುವುದನ್ನು ಬಿಟ್ಟಿದ್ದವು. ಚಿತ್ತವಾಡ್ಗಿಯಲ್ಲಿ ನನ್ನ ಖಾಯಂ ಗಿರಾಕಿ ಒಬ್ಬಳಿದ್ದಳು, ಲಾರಿ ಡ್ರೈವರನ ಹೆಂಡತಿ. ಗೋಣಿ ಎತ್ತಿ ನೋಡಿದವಳು ಮೂಗು ಮುಚ್ಚಿದಳು.

"ಏ ಅಕ್ಕಾ, ಮತ್ತ ಇದ ತಂದಿಯಾ? ಬರೇ ಮುಳ್ಳು, ಕೆಸರು ವಾಸನಿ. ಕಾಟ್ಲಾ ಇದ್ರ ಬಾ, ಇಲ್ಲಾಂದ್ರ ಬರಬ್ಯಾಡ."

"ಕಾಟ್ಲಾ ನೀರಾಗ ಬೆಂದು ಸತ್ತಾವ. ಬೆಂದದ್ದ ಬೇಕಾ?"

"ನೀ ಏನರ ಅನ್ನು. ಊರಿಗೆ ಊರ ಮಸ್ತ್ ದುಡೀತೈತಿ. ನೀ ಇನ್ನಾ ಇದನ್ನ ಹೊತ್ಕಂಡು ತಿರಗ್ತಿ. ನಮ್ಮವರಿಗೆ ಹೇಳ್ಲಾ, ಯಾರ್ಡಿನ್ಯಾಗ ಹೆಂಗಸರನ್ನ ತಗಂತಾರ."

"ಹೇಳಬ್ಯಾಡ," ಎಂದು ಬುಟ್ಟಿ ಎತ್ತಿಕೊಂಡು ಬಂದೆ. ಆ ದಿನದ ಮೀನು ಹಂದಿಗಳ ಪಾಲಾಯಿತು.

ಮನೆಯಲ್ಲಿ ಗಂಡ ಅದೇ ಮಾತು ತೆಗೆದ. ಅವನು ಹೆಚ್ಚು ಮಾತಿನವನಲ್ಲ, ಆಡಿದರೆ ಅದೇ ಕೊನೆ. "ಈ ಸಲದ ಹೊಸ ನೀರು ನೋಡ್ತೀನಿ. ಬಾಳೆ ಹತ್ತಿದ್ರ ಇಲ್ಲೇ ಇರೂದು. ಹತ್ತಲಿಲ್ಲ ಅಂದ್ರ ಹರಿಗೋಲು ಮಾರಿಬಿಡ್ತೀನಿ. ಆಮ್ಯಾಲ ಇಬ್ಬರೂ ಯಾರ್ಡಿಗೆ."

"ನಾ ಯಾಕ ಬರ್ಲಿ?"

"ಮೀನ ಇಲ್ದ ಬುಟ್ಟಿ ಹೊತ್ತು ಏನ್ ಮಾಡ್ತಿ? ಹಾಡ ಹೇಳ್ತಿಯೇನು?"

ಹೀಗೆ ನನ್ನ ಮುಂದಿನ ಬಾಳೆಲ್ಲ ಒಂದು ಜಾತಿಯ ಮೀನಿನ ಮೇಲೆ ನಿಂತಿತು.

ಮಳೆಗಾಲಕ್ಕೆ ಮೊದಲು ಒಂದೆರಡು ಅಡ್ಡಮಳೆ ಆದವು. ಆಗ ಒಂದು ಮಧ್ಯಾಹ್ನ ಅಡುಗೆಗೆ ಮೀನು ಕೊಯ್ಯುತ್ತ ಕುಳಿತಿದ್ದೆ. ಒಂದು ಜಿಲೇಬಿ ಉಳಿದವುಗಳಿಗಿಂತ ದಪ್ಪ ಇತ್ತು. ಕರುಳಿನ ಜೊತೆ ಹೊಟ್ಟೆಯ ಚೀಲ ಬಂತು. ಕುಡುಗೋಲಿಗೆ ತಾಗಿ ಒಡೆಯಿತು. ಒಳಗೆ ಸಾಸಿವೆಯಂಥ ಕಾಳು, ಅಂಟಂಟು, ಗಂಟಲವರೆಗೆ. ಅದರದೇ ತತ್ತಿ ಅಲ್ಲ, ಅದು ಬೇರೆ ಕಡೆ ಇರುತ್ತದೆ, ಬೇರೆ ಥರ ಇರುತ್ತದೆ. ಇದು ಬೇರೆ ಮೀನಿನ ತತ್ತಿ, ತಿಂದದ್ದು. ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ಅತ್ತೆಯ ಮೂಗಿನ ಹತ್ತಿರ ಇಟ್ಟೆ.

"ನೋಡು ಅತ್ತಿ, ನಿನ್ನ ಉಪಾಸದಾಕಿ ಏನು ಉಂಡಾಳ."

ಆಕೆ ಬೆರಳಿನಿಂದ ಒಂದು ಕಾಳು ಒತ್ತಿದಳು.

"ಇದು ಗಂಡು," ಎಂದಳು. "ಗಂಡಸರು ಏನೂ ಬಿಡಂಗಿಲ್ಲ. ತಾಯಿ ಹಂಗ ಮಾಡಾಕಿಲ್ಲ."

"ಬಾಯಿ ಖಾಲಿ ಆದಮ್ಯಾಲ ತಾಯೀನೂ ತಿಂತಾಳ."

"ನಿನಗ ಭಾಳ ತಿಳೀತೈತಿ. ಹೋಗು, ಒಲಿ ನೋಡು."

ನಾನು ಒಲೆಯ ಹತ್ತಿರ ಹೋದೆ. ಆಕೆ ಆ ದಿನ ಮೀನಿನ ಸಾರು ಮುಟ್ಟಲಿಲ್ಲ. ಖಾರ ಹಚ್ಚಿಕೊಂಡು ರೊಟ್ಟಿ ತಿಂದಳು.

ಹೊಸ ನೀರು ಬಂದ ಬೆಳಿಗ್ಗೆ ಹಳ್ಳ ಅದಿರಿನ ಬಣ್ಣದಲ್ಲಿ ಹರಿಯುತ್ತಿತ್ತು. ಉಳಿದಿದ್ದ ನಾಲ್ಕಾರು ಮನೆಯವರೆಲ್ಲ ದಂಡೆಗೆ ಬಂದರು. ಅತ್ತೆ ಹಸಿರು ಸೀರೆ ಉಟ್ಟು, ತಟ್ಟೆಯಲ್ಲಿ ಅರಿಷಿಣ ಕುಂಕುಮ ಅಕ್ಕಿ ಇಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು. ಗಂಡ ಹಳ್ಳದ ಬಾಯಿಗೆ ಬಲೆ ಕಟ್ಟಿ ಬಂದಿದ್ದ. ಎಳೆಯುವಾಗ ಬಲೆ ಭಾರ ಇತ್ತು. ಪಕ್ಕದ ಮನೆಯವನೂ ಕೈ ಹಾಕಿದ. ಅವನ ಮುಖ ಅರಳಿದ್ದು ನೋಡಿ ನನಗೂ ಆಸೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಮನಸ್ಸಿನಲ್ಲೇ ಬಾಳೆ ಮೀನು ತೂಗಿ ಮಾರಿಬಿಟ್ಟೆ.

ಕೆಂಪು ಕೆಸರಿನ ಮೇಲೆ ಸುರಿದರು. ಜಿಲೇಬಿ. ಪೂರ್ತಿ ಜಿಲೇಬಿ. ಬಿದ್ದ ರಭಸಕ್ಕೆ ಬಾಯಿ ಬಿಟ್ಟವು, ಮರಿಗಳು ಉಗುಳಿದ ಎಂಜಲಿನ ಹಾಗೆ ಹೊರಗೆ ಬಂದು ಕೆಸರಿನಲ್ಲಿ ಹೊಳೆದವು. ಅತ್ತೆ ಎದ್ದು ಬಂದು ಆ ರಾಶಿಯಲ್ಲಿ ಕೈ ಹಾಕಿ ತಳದವರೆಗೂ ಹುಡುಕಿದಳು. ಮುಳ್ಳು ಚುಚ್ಚಿ ರಕ್ತ ಬಂತು, ಬಿಡಲಿಲ್ಲ. ಒಂದು ಬಾಳೆ ಸಿಕ್ಕಿತು. ಗೇಣುದ್ದ. ತತ್ತಿ ಇಡುವ ವಯಸ್ಸು ಅದಕ್ಕೆ ಇನ್ನೂ ಬಂದಿರಲಿಲ್ಲ.

ಕೊನೆಗೆ ಪಕ್ಕದ ಮನೆಯವನೇ ಕೇಳಿದ. ಈ ಸಲ ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ.

"ದೊಡ್ಡವ್ವಾ, ಇವನ್ನ ಬಿಡೂದೋ, ಕೊಯ್ಯೂದೋ? ನೀನ ಹೇಳು."

ಅತ್ತೆ ಬಾಯಿ ತುಂಬಿದ್ದ ಒಂದನ್ನು ಎತ್ತಿಕೊಂಡಳು. ಬೆರಳನ್ನು ಅರಿಷಿಣಕ್ಕೆ ಅದ್ದಿದಳು. ಅದರ ತಲೆಯವರೆಗೆ ಕೈ ಹೋಯಿತು, ನಿಂತಿತು. ಮೀನನ್ನು ತಿರುಗಿ ರಾಶಿಯ ಮೇಲೆ ಇಟ್ಟಳು.

"ನನ್ನ ಯಾಕ ಕೇಳ್ತೀರಿ? ನಿಮಗ ತಿಳಿದಂಗ ಮಾಡ್ರಿ."

ಏಳಲು ಕೈ ಕೊಟ್ಟೆ. ಕೈ ಸರಿಸಿ ತಾನೇ ಎದ್ದಳು. ತಟ್ಟೆಯಲ್ಲಿದ್ದ ಅಕ್ಕಿಯನ್ನು ನೀರಿಗೆ ಬಿಡಲಿಲ್ಲ, ಮನೆಗೆ ತಂದು ಡಬ್ಬಿಗೆ ಸುರಿದಳು. ಮುಂದೆ ಸಾಯುವ ತನಕ ದಂಡೆಗೆ ಇಳಿಯಲಿಲ್ಲ.

ಹಂಪಿಯ ಕಡೆಯವನೊಬ್ಬ ಹರಿಗೋಲು ಕೇಳಿ ಹೋಗಿದ್ದ, ಫಾರಿನ್ನವರನ್ನು ಹೊಳೆ ದಾಟಿಸಲು. ಗಂಡ ಅವನಿಗೆ ಹೇಳಿ ಕಳಿಸಿದ. ಮಧ್ಯಾಹ್ನ ಗೂಡ್ಸ್ ಆಟೋ ಬಂತು. ಹರಿಗೋಲನ್ನು ಬೋರಲು ಹಾಕಿ ಹಗ್ಗ ಬಿಗಿದರು. ಗಂಡ ಹಗ್ಗ ಜಗ್ಗಿ ನೋಡಿದ, ಸಡಿಲ ಇದೆ ಎಂದು ಮತ್ತೆ ಕಟ್ಟಿಸಿದ.

ಸಂಜೆ ನಾನು ರೊಟ್ಟಿ ಬಡಿಯುವಾಗ ಅತ್ತೆ ಹಿಂದಿನಿಂದ ಹೇಳಿದಳು. "ನೀ ಆ ಹೊಟ್ಟಿ ಸೀಳಿ ತೋರಿಸಿದ ದಿನಾನ ನನಗ ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀರು ತಣ್ಣಗ ಆಕ್ಕಿತ್ತೇನು?"

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಈಗ ಕಂಪ್ಲಿಯ ಗದ್ದೆ ಕಾಲುವೆಯಲ್ಲೂ ಜಿಲೇಬಿ, ದರೋಜಿ ಕೆರೆಯಲ್ಲೂ ಅದೇ ಎಂದು ಮಗಳು ಹೇಳುತ್ತಾಳೆ. ಅಲ್ಲಿ ಯಾರೂ ಅದನ್ನು ತಾಯಿ ಎಂದು ತಿರುಗಿ ಬಿಟ್ಟವರಿಲ್ಲ.

ಮರುದಿನ ಬೆಳಿಗ್ಗೆ ಗಂಡನ ಜೊತೆ ರಸ್ತೆಗೆ ಬಂದೆ. ಯಾರ್ಡಿನ ಟೆಂಪೋದಲ್ಲಿ ಹೆಂಗಸರು ಒತ್ತಿಕೊಂಡು ಕುಳಿತಿದ್ದರು. ಒಬ್ಬಳು, "ಮೂಗಿಗೆ ಅರಿವಿ ಕಟ್ಕಾ, ಇಲ್ಲಾಂದ್ರ ಸಾಯ್ತಿ," ಎಂದಳು. ಕಟ್ಟಿಕೊಂಡೆ. ಮೇಸ್ತ್ರಿ ಸುತ್ತಿಗೆ ಕೊಟ್ಟು, ಎಲ್ಲಿ ಕೂಡಬೇಕು ಎಂದು ಬೆರಳು ಮಾಡಿ ತೋರಿಸಿದ. ಅಲ್ಲಿ ಕುಳಿತು ಕಲ್ಲು ಒಡೆದೆ.