ಬಲಕ್ಕೆ ಸರಿದ ಹೃದಯ

ಕೋವಿಡ್ ಗಲಾಟೆ ಮುಗಿದ ಮರುವರ್ಷ. ನಾನಾಗ ಪುತ್ತೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್. ಸುತ್ತಿನ ಕ್ಲಿನಿಕ್, ಲ್ಯಾಬ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕಡಬದ ಒಂದು ಎಕ್ಸ್-ರೇ ಸೆಂಟರೂ ನನ್ನ ಪಾಲಿಗಿತ್ತು. ಅದರ ಮಾಲೀಕ ಉಮೇಶರಿಗೆ ಸುಳ್ಯದಲ್ಲೂ ಅಂಥದ್ದೇ ಇನ್ನೊಂದು ಸೆಂಟರ್.

ಒಂದು ಸಂಜೆ ಉಮೇಶರು ಫೋನ್ ಮಾಡಿದರು. ಕೆಲಸದ ನಡುವೆ ಕರೆಂಟ್ ಹೋಗಿ ಬಂದ ಮೇಲೆ ಎಕ್ಸ್-ರೇ ಸಾಫ್ಟ್‌ವೇರ್ ತೆರೆಯುತ್ತಿಲ್ಲವಂತೆ. ನಾಳೆ ಬರುತ್ತೇನೆ ಎಂದೆ. ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಸೆಂಟರ್ ತುಂಬ ಜನ, ಕೆಲಸ ಸಲೀಸಾಗಿ ನಡೆದಿತ್ತು.

“ನೀವು ಸುಮ್ಮನೆ ಬಂದದ್ದು ಮೇಡಂ. ಸುಳ್ಯದ ಕಂಪ್ಯೂಟರಿನ ರಿಜಿಸ್ಟ್ರಿ ತಂದು ಇದಕ್ಕೆ ಹಾಕಿದೆ, ಸರಿ ಆಯ್ತು,” ಎಂದರು ಉಮೇಶರು ಖುಷಿಯಲ್ಲಿ. ಒಂದು ವಿಡಿಯೋ ನೋಡಿ ಕಲಿತರಂತೆ.

ವಿಂಡೋಸ್ ಕಂಪ್ಯೂಟರಿನೊಳಗೆ ರಿಜಿಸ್ಟ್ರಿ ಎಂಬ ಮಾಹಿತಿಯ ಉಗ್ರಾಣವಿರುತ್ತದೆ. ತಾವು ಹೇಗೆ ನಡೆಯಬೇಕೆಂಬುದನ್ನು ಬಹಳಷ್ಟು ಸಾಫ್ಟ್‌ವೇರ್‌ಗಳು ಅಲ್ಲಿಂದಲೇ ತಿಳಿಯುತ್ತವೆ. ಅದರಲ್ಲಿ ಕೀ ಎಂಬ ಖಾನೆಗಳು, ಖಾನೆಯೊಳಗೆ ವ್ಯಾಲ್ಯೂಗಳು. ಎಷ್ಟೋ ಕಡೆ ಅವು ಬರೀ ಸೊನ್ನೆ ಅಥವಾ ಒಂದು. ಅಲ್ಲಿ ತಿದ್ದಿದ್ದು ಆ ಕ್ಷಣವೇ ದಾಖಲಾಗುತ್ತದೆ. ತಪ್ಪಾಯಿತೆಂದು ಹಿಂದೆ ಹೋಗಲು ‘ಅನ್‌ಡೂ’ ಇಲ್ಲ. ಹಾಗಾಗಿ ಮುಟ್ಟುವ ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ, ಅಂದರೆ ಅದರ ಒಂದು ಪ್ರತಿ ತೆಗೆದು, ಬೇರೆಡೆ ಇಡಬೇಕು.

“ಮೊದಲು ಬ್ಯಾಕಪ್ ತೆಗೆದಿದ್ದೀರಾ?”

“ಎಂತಕ್ಕೆ ಮೇಡಂ? ಎರಡೂ ಕಡೆ ಒಂದೇ ಸಾಫ್ಟ್‌ವೇರ್ ಅಲ್ವಾ?”

ನಾನು ಉತ್ತರಿಸುವ ಮೊದಲೇ ಒಳಗಿನಿಂದ ಎಕ್ಸ್-ರೇ ತೆಗೆಯುವ ಪ್ರೇಮಾ ಕರೆದಳು. “ಮೇಡಂ, ಸ್ವಲ್ಪ ಇಲ್ಲಿ ಬನ್ನಿ. ಇವರ ಹೃದಯ ಬಲಕ್ಕೆ ಉಂಟು!”

ಅಪರೂಪಕ್ಕೆ ಹುಟ್ಟಿನಿಂದಲೇ ಹಾಗಿರುವವರಿರುತ್ತಾರೆ. ಆದರೆ ಮುಂದೆ ಬಂದ ಹೆಂಗಸಿನ ಹೃದಯವೂ ಬಲಕ್ಕೇ ಇತ್ತು. ಪ್ರೇಮಾ ನನ್ನ ಮುಖ ನೋಡಿದಳು. ಒಬ್ಬರ ಹಿಂದೆ ಒಬ್ಬರಿಗೆ ಹಾಗಿರಲು ಸಾಧ್ಯವಿಲ್ಲ. ಚಿತ್ರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತಿದ್ದವು. ಮೂಲೆಯಲ್ಲಿ ಎಡ, ಬಲ ಎಂಬ ಗುರುತನ್ನು ಸಾಫ್ಟ್‌ವೇರೇ ಹಾಕುವುದರಿಂದ ಗುರುತು ಮಾತ್ರ ಎಂದಿನ ಜಾಗದಲ್ಲೇ ಇತ್ತು.

“ಬೆಳಿಗ್ಗೆಯಿಂದ ಬೇರೆ ಯಾರದ್ದಾದರೂ ಎದೆಯ ಎಕ್ಸ್-ರೇ ತೆಗೆದಿದ್ದೀಯಾ?”

“ನೆಟ್ಟಣದ ಕುಶಾಲಪ್ಪ ಗೌಡ್ರದ್ದು. ಎದೆಯಲ್ಲಿ ನೀರು ತುಂಬಿತ್ತು. ತೆಗೆಸಲಿಕ್ಕೆ ಪುತ್ತೂರಿಗೆ ಹೋದ್ರು.” ಅಷ್ಟು ಹೇಳಿ ಅವಳು ಬಾಯಿ ಮುಚ್ಚಿಕೊಂಡಳು.

ಆ ಚಿತ್ರ ತೆರೆದೆವು. ನೀರು ಬಲಗಡೆ, ಹೃದಯ ಎಡಗಡೆ. ನೋಡಲು ಎಲ್ಲ ಸರಿಯಾಗಿತ್ತು. ನಿಜಕ್ಕೂ ನೀರಿದ್ದದ್ದು ಎಡಗಡೆ. ಅದರ ಒತ್ತಡಕ್ಕೆ ಹೃದಯ ಬಲಕ್ಕೆ ಸರಿದಿತ್ತು. ಚಿತ್ರ ತಿರುಗಿದಾಗ ಹೃದಯ ತನ್ನ ಜಾಗದಲ್ಲೇ ಇದ್ದಂತೆ ಕಂಡದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ನೀರಿಲ್ಲದ ಕಡೆ ಸೂಜಿ ಚುಚ್ಚಿದರೆ, ಅವರು ಉಸಿರಾಡುತ್ತಿದ್ದ ಒಂದೇ ಒಂದು ಶ್ವಾಸಕೋಶಕ್ಕೂ ಪೆಟ್ಟು.

ಜೊತೆಗೆ ಹೋಗಿದ್ದ ಗೌಡರ ಮಗಳ ಫೋನ್ ಹೋಗುತ್ತಲೇ ಇರಲಿಲ್ಲ. ಪ್ರೇಮಾ ಹೇಳಿದ ಪುತ್ತೂರಿನ ಆಸ್ಪತ್ರೆಗೇ ಫೋನ್ ಮಾಡಿದೆ. ಎತ್ತಿದ ನರ್ಸ್, “ಡಾಕ್ಟ್ರು ಪೇಷಂಟ್ ಹತ್ರ ಇದ್ದಾರೆ, ಆಮೇಲೆ ಮಾಡಿ,” ಎಂದರು.

“ಪೇಷಂಟ್ ಕುಶಾಲಪ್ಪ ಗೌಡರಲ್ವಾ? ಅವರ ವಿಷಯವೇ! ಓಡಿ ಹೋಗಿ ನಿಲ್ಲಿಸಿ. ಎಕ್ಸ್-ರೇಯಲ್ಲಿ ಎಡಬಲ ತಿರುಗಿದೆ!” ನಾನು ಕಿರುಚಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿತು.

ಫೋನಿನಲ್ಲಿ ಚಪ್ಪಲಿಯ ಸದ್ದು ದೂರವಾಯಿತು. ಪ್ರೇಮಾ ಅಳುತ್ತಿದ್ದಳು. ಆಮೇಲೆ ಒಬ್ಬ ಯುವ ವೈದ್ಯರ ಧ್ವನಿ: “ಯಾರು ಮಾತಾಡುದು? ಬಲಗಡೆ ಮರಗಟ್ಟಿಸುವ ಇಂಜೆಕ್ಷನ್ ಈಗಷ್ಟೇ ಕೊಟ್ಟದ್ದು ನಾನು.”

ವಿಷಯ ಹೇಳಿದೆ. ಲೈನಿನಲ್ಲಿರಿ ಎಂದು ಹೋದರು. ತಿರುಗಿ ಬಂದು ಹೇಳಿದರು: “ಸ್ಕ್ಯಾನ್ ಇಟ್ಟು ನೋಡಿದೆ. ನೀರು ಎಡಗಡೆಯೇ ಉಂಟು. ಅಲ್ಲಿಂದಲೇ ತೆಗೆಯುತ್ತೇವೆ.”

ಅದನ್ನು ಉಮೇಶರಿಗೆ ಹೇಳಿದೆ. “ನಾನು ಮುಟ್ಟಿದ್ದು ಕಂಪ್ಯೂಟರನ್ನು ಮಾತ್ರ ಅಂತ ಎಣಿಸಿದ್ದೆ ಮೇಡಂ,” ಎಂದರು.

ನಾನು ಮೊದಲು ಅಲ್ಲಿದ್ದ ರಿಜಿಸ್ಟ್ರಿ ಭಾಗದ ಪ್ರತಿ ತೆಗೆದಿಟ್ಟೆ. ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಮಾಡಿ ಒಂದೊಂದು ವ್ಯಾಲ್ಯೂವಿನ ಅರ್ಥ ಕೇಳಿದೆ. ಸುಳ್ಯದಲ್ಲಿದ್ದದ್ದು ಚಿತ್ರ ಹಿಡಿಯುವ ಹಳೆಯ ಮಾದರಿಯ ಫಲಕ. ಅದು ಚಿತ್ರವನ್ನು ತಿರುಗಿಸಿಯೇ ಕಳಿಸುತ್ತದೆ. ಅದನ್ನು ನೇರ ಮಾಡಲು ಅಲ್ಲಿ ಒಂದು ವ್ಯಾಲ್ಯೂ ‘ಒಂದು’ ಎಂದಿರಬೇಕು. ಕಡಬದ ಹೊಸ ಫಲಕಕ್ಕೆ ಅದು ‘ಸೊನ್ನೆ’. ಅದೊಂದನ್ನು ಬದಲಿಸಿ, ಫಲಕದ ಎಡಗಡೆ, ಚಿತ್ರದಲ್ಲಿ ಮೂಡುವ ಸೀಸದ ಅಕ್ಷರ ಅಂಟಿಸಿ ಎಕ್ಸ್-ರೇ ತೆಗೆದು, ಅಕ್ಷರ ಎಡಗಡೆಯೇ ಬಂತೆಂದು ಮೂವರೂ ನೋಡಿದೆವು. ಆ ದಿನದ ಎಲ್ಲ ರೋಗಿಗಳನ್ನೂ ಪ್ರೇಮಾ ಫೋನ್ ಮಾಡಿ ತಿರುಗಿ ಕರೆಸಿದಳು.

ಕುಶಾಲಪ್ಪ ಗೌಡರು ಗುಣವಾಗಿ ಕಡಬಕ್ಕೆ ಬಂದಾಗ ನಾನೂ ಅಲ್ಲಿದ್ದೆ. “ನನ್ನನ್ನು ಮಗುಚಿ ಹಾಕಿದ್ದಂತೆ, ಹೌದಾ ಮಾರಾಯ್ರೆ?” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಅಲ್ಲಿಯವರೆಗೆ ರಿಜಿಸ್ಟ್ರಿ ಕೆಟ್ಟರೆ ಕಂಪ್ಯೂಟರ್ ನಿಲ್ಲುತ್ತದೆ, ಅದೇ ದೊಡ್ಡ ಅಪಾಯ ಎಂದುಕೊಂಡಿದ್ದೆ. ನಿಂತ ಕಂಪ್ಯೂಟರನ್ನು ಯಾರೂ ನಂಬುವುದಿಲ್ಲ. ನಡೆಯುವುದನ್ನು ಎಲ್ಲರೂ ನಂಬುತ್ತಾರೆ. ಈಗ ಎಲ್ಲಿ ಏನು ತಿದ್ದಿದರೂ, ಅದು ಕೊಡುವ ಮೊದಲ ಫಲಿತಾಂಶವನ್ನು ನನಗೆ ಖಚಿತವಾಗಿ ಗೊತ್ತಿರುವುದರೊಂದಿಗೆ ಹೋಲಿಸಿ ನೋಡದೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.