ನಾನು ಬರೆದುಕೊಟ್ಟ ಚೀಟಿ

ಎಲೆಕ್ಟ್ರಾನಿಕ್ ಸಿಟಿಯ ಒಂದು ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಕಾಯಿಲೆ ಬಿದ್ದ ಮಕ್ಕಳ ಚರ್ಮದ ಚೂರು ಆಸ್ಪತ್ರೆಗಳಿಂದ ಬರುತ್ತಿತ್ತು. ಅದರಿಂದ ಜೀವಕೋಶ ಬೆಳೆಸಿ, ವಿಕಿರಣ ಸೂಸುವ ಇಂಗಾಲವಿರುವ ಕೊಬ್ಬನ್ನು ಅವಕ್ಕೆ ಉಣಿಸುವುದು ನನ್ನ ಕೆಲಸ. ಒಳಗಿನ ಮೈಟೊಕಾಂಡ್ರಿಯಾ ಸರಿಯಿದ್ದರೆ ಕೊಬ್ಬು ಉರಿದು ಆ ಇಂಗಾಲ ಗಾಳಿಯಾಗಿ ಹೊರಬರುತ್ತದೆ; ಯಂತ್ರ ಅದನ್ನು ಎಣಿಸುತ್ತದೆ.

ಒಂದು ಗಂಡುಮಗುವಿನ ಜೀವಕೋಶಗಳಿಂದ ಹೆಚ್ಚುಕಡಿಮೆ ಏನೂ ಹೊರಬರಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ. ಹೊಟ್ಟೆ ಖಾಲಿಯಾದಾಗ ಮೈಯ ಕೊಬ್ಬನ್ನು ಉರಿಸಿಕೊಳ್ಳಲಾಗದ ಮಗು ಅದು. ಅಷ್ಟರಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು.

ಅದರ ತಾಯಿ ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು, ಪೀಣ್ಯದಿಂದ ಬಸ್ಸು ಬದಲಿಸಿಕೊಂಡು ಬಂದು ನಮ್ಮ ಗೇಟಿನ ಹತ್ತಿರ ಕೂತಿದ್ದಳು. ಯಾದಗಿರಿ ಕಡೆಯವಳು.

"ಜ್ವರ ಬಂದಿತ್ರೀ ಅಕ್ಕಾರ, ತಿಂದದ್ದೆಲ್ಲಾ ಕಾರ್ಕೊಳ್ತಿತ್ತು. ಅದಕ್ಕ ಒಂದಿನ ಏನೂ ತಿನಿಸಲಿಲ್ಲ. ಉಪಾಸ ಕೆಡವಿ ನೀನೇ ಕೊಂದಿ ಅಂತಾರ ಮನ್ಯಾಗ. ಖರೇ ಏನ್ರೀ?"

ಮೇಲೆ ಹೋಗಿ ನಮ್ಮ ಮುಖ್ಯಸ್ಥರನ್ನು ಕೇಳಿದೆ.

"ಅದು ರಿಸರ್ಚ್ ಸ್ಯಾಂಪಲ್ ಕಣಮ್ಮಾ. ಪೇಪರ್ ಆಗೋವರೆಗೂ ಯಾರಿಗೂ ಏನೂ ಕೊಡೋ ಹಾಗಿಲ್ಲ," ಎಂದರು. ತಲೆ ಎತ್ತಲಿಲ್ಲ.

ನಾನೇ ಒಂದು ಹಾಳೆಯ ಮೇಲೆ ಬರೆದೆ: ಇದು ಹುಟ್ಟಿನಿಂದ ಬಂದ ದೋಷ, ತಂದೆ ತಾಯಿ ಇಬ್ಬರಿಂದಲೂ ಬಂದದ್ದು, ಇದರಲ್ಲಿ ತಾಯಿಯ ತಪ್ಪಿಲ್ಲ, ಇನ್ನೊಂದು ಮಗುವಾದರೆ ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸಿ, ಹಸಿದಿರಲು ಬಿಡಬೇಡಿ. ಅವಳಿಗೆ ಓದಲು ಬಾರದು. ಓದಿ ಹೇಳಿದೆ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಆ ದಿನವೆಲ್ಲ ನನ್ನ ಬಗ್ಗೆ ನನಗೇ ಹೆಮ್ಮೆ. ಈಗ ನೆನೆದರೆ ಮೈ ಉರಿಯುತ್ತದೆ.

ವಾರದ ಮೇಲೆ ಅವಳ ಗಂಡ ಬಂದ. ಕೈಯಲ್ಲಿ ಅದೇ ಚೀಟಿ.

"ಹುಟ್ಟಿನಿಂದ ಬಂದ ದೋಷ ಅಂತ ನೀವೇ ಬರ್ದೀರಿ. ನಮ್ಮ ಮನೆತನದಾಗ ಯಾರಿಗೂ ಇಲ್ಲ. ಇದು ಆಕಿಯಿಂದ ಬಂದದ್ದು."

"ಇಬ್ರಿಂದಾನೂ ಬಂದ್ರೇನೇ ಕಾಯಿಲೆ ಆಗೋದು ಕಣ್ರೀ. ಅದನ್ನೂ ಬರೆದಿದೀನಲ್ಲ, ನೋಡಿ."

"ನನಗೇನಾಗೇತ್ರೀ? ದಿನಾ ಎರಡು ಶಿಫ್ಟ್ ದುಡೀತೀನಿ."

ಅವಳನ್ನು ಆಗಲೇ ತವರಿಗೆ ಅಟ್ಟಿಯಾಗಿತ್ತು. ಅವನಿಗೆ ನನ್ನ ವಿವರಣೆ ಬೇಕಿರಲಿಲ್ಲ. ಊರಿನ ಹಿರಿಯರ ಮುಂದಿಡಲು ಆ ಚೀಟಿಗೊಂದು ಸೀಲು ಬೇಕಿತ್ತು. ಹಾಕಿಕೊಡುವುದಿಲ್ಲ ಎಂದೆ. ಅವಳ ತವರಿನ ಹಳ್ಳಿ ಯಾವುದೆಂದು ಕೇಳಿದೆ. ಹೇಳದೆ ಹೊರಟುಹೋದ.

ಮರುವರ್ಷ ಪೇಪರ್ ಪ್ರಕಟವಾಯಿತು. ಕೊನೆಯಲ್ಲಿ, ಸಹಕರಿಸಿದ ಕುಟುಂಬಕ್ಕೆ ಧನ್ಯವಾದ ಎಂದಿತ್ತು. ಮುಖ್ಯಸ್ಥರು ಕೇಕ್ ತರಿಸಿದರು. ಎಲ್ಲರ ಜೊತೆ ನಿಂತು ನಾನೂ ತಿಂದೆ.